ತಗಡಿನ ಬಿಷಪ್ಪನ ಚರಿತ್ರೆಕಾರ

ಅಮೆರಿಕದ ಸ್ಯಾನ್ ಡಿಯೇಗೊ ಪಕ್ಕದ ರಾಂಚೊ ಬರ್ನಾರ್ಡೊದಲ್ಲಿ ಕಾರು ನಿಲ್ಲಿಸಲು ಕಟ್ಟಿಸಿದ ಗರಾಜಿನಲ್ಲಿ ಕಾರು ನಿಲ್ಲಿಸುವವರು ಕಡಿಮೆ. ಒಬ್ಬರು ಹಳೇ ಸೋಫಾ ತುಂಬುತ್ತಾರೆ, ಇನ್ನೊಬ್ಬರು ವ್ಯಾಯಾಮದ ಯಂತ್ರ ತಂದಿಟ್ಟು ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ. ನನ್ನ ಮಗಳ ಮನೆಯಿಂದ ಎರಡು ಬೀದಿ ಆಚೆ ಇರುವ ಓಂಕಾರಪ್ಪ ತನ್ನ ಗರಾಜಿನ ಗೋಡೆ ತುಂಬ ಒಂದು ವಂಶಾವಳಿ ಬರೆದಿಟ್ಟಿದ್ದ. ಮೇಲೆ ನಾಲ್ಕು ಹೆಸರು, ಅದರ ಕೆಳಗೆ ಕವಲೊಡೆದು ಇಪ್ಪತ್ತಮೂರು ಹೆಸರು, ಯಾರು ಯಾವ ಇಸವಿಯಲ್ಲಿ ಬಂದರು, ಯಾರ ಮೇಲೆ ಮುನಿಸಿಕೊಂಡು ಹೋದರು, ಎಲ್ಲಕ್ಕೂ ಬೇರೆ ಬೇರೆ ಬಣ್ಣದ ಗೆರೆ. ದಾವಣಗೆರೆ ಕಡೆಯಿಂದ ಬಂದಿದ್ದ ನೆಂಟರೊಬ್ಬರು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತು, "ಇದು ಯಾವ ಮಠದ ಗುರುಪರಂಪರೆ?" ಅಂತ ಕೇಳಿದ್ದರು.

ಮಠವಲ್ಲ. ಅದು 'ಟಿನ್ ಬಿಷಪ್' ಎಂಬ ಇಂಗ್ಲೆಂಡಿನ ಹಾರ್ಡ್ ರಾಕ್ ಸಂಗೀತದ ತಂಡ. ತಗಡಿನ ಬಿಷಪ್ಪ ಅಂತ ಅರ್ಥ. ನೀವು ಹೆಸರು ಕೇಳಿಲ್ಲವೆಂದರೆ ನಾಚಿಕೆಪಡಬೇಕಿಲ್ಲ, ಇಂಗ್ಲೆಂಡಿನವರೂ ಕೇಳಿಲ್ಲ.

ಓಂಕಾರಪ್ಪನಿಗೆ ಈ ಹುಚ್ಚು ಹತ್ತಿದ್ದು ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಹಿರಿಯ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಟೂ ಇನ್ ಒನ್ನಿನ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಮೇಲೆ ಚೀಟಿಯಿಲ್ಲ, ಹೆಸರಿಲ್ಲ. ಅದನ್ನು ಕೇಳಿಕೊಂಡೇ ಹುಡುಗ ನಾಲ್ಕು ವರ್ಷದ ಗಣಿತ ಪಾಸು ಮಾಡಿದ. ಹಾಡುವವರು ಯಾರು ಅಂತ ಗೊತ್ತಾಗಿದ್ದು ಹದಿನೇಳು ವರ್ಷದ ಮೇಲೆ, ಲಾಸ್ ಏಂಜಲೀಸಿನ ಒಂದು ಹಳೇ ರೆಕಾರ್ಡಿನ ಅಂಗಡಿಯಲ್ಲಿ. ಹೆಂಡತಿ ದ್ರಾಕ್ಷಾಯಣಿಗೆ ಸೀರೆ ಕೊಡಿಸಲು ಅತ್ತ ಹೋದವನು ಪಕ್ಕದ ಅಂಗಡಿಯೊಳಗಿಂದ ಆ ಗಿಟಾರು ಕೇಳಿಬಂದದ್ದೇ ತಡ, ಹಗ್ಗ ಕಿತ್ತ ಹೋರಿಯ ಹಾಗೆ ನುಗ್ಗಿದನಂತೆ. "ಸೀರೆ ಅವತ್ತು ತಗೊಳ್ಳಲೇ ಇಲ್ಲ, ಬರೆದುಕೊಳ್ಳಿ," ಅಂತ ದ್ರಾಕ್ಷಾಯಣಿ ನನಗೆ ಹೇಳಿದ್ದಾಳೆ. ಬರೆದಿದ್ದೇನೆ.

ಆ ತಂಡದ ಚರಿತ್ರೆಯನ್ನು ನಾನು ಅವನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ೧೯೭೧ರಲ್ಲಿ ಡಾರ್ಲಿಂಗ್ಟನ್ ಎಂಬ ರೈಲ್ವೆ ಊರಿನಲ್ಲಿ ನಾಲ್ವರು ಹುಡುಗರು ಸೇರಿದರು. ಗಿಟಾರಿನ ರೆಜ್ ಪ್ಯಾಕ್ಸ್‌ಟನ್ ಮೊದಲಿನಿಂದ ಕೊನೆತನಕ ಇದ್ದವನು. ಉಳಿದವರು ಸಂತೆಗೆ ಬಂದವರಂತೆ ಬಂದು ಹೋದರು. ಮೊದಲ ರೆಕಾರ್ಡು ಬಂದಾಗ ಅದರ ಹೊದಿಕೆಯ ಮೇಲಿನ ತಗಡಿನ ಪಾದ್ರಿಯನ್ನು ನೋಡಿ ಅಂಗಡಿಯವರು ಭಜನೆಯ ರೆಕಾರ್ಡುಗಳ ಸಾಲಿನಲ್ಲಿ ಇಟ್ಟರು. ಎರಡನೆಯದು ಬಂದಾಗ ಗಣಿ ಕಾರ್ಮಿಕರ ಮುಷ್ಕರ, ದೇಶದಲ್ಲಿ ಕರೆಂಟಿಗೇ ರೇಷನ್ನು. ಮೂರನೆಯದನ್ನು ಮಾಡಿಕೊಂಡು, ಊರವರಿಗೆ ಬುದ್ಧಿಯಿಲ್ಲ, ಅಮೆರಿಕದವರು ನಮ್ಮನ್ನು ಎತ್ತಿ ಆಡಿಸುತ್ತಾರೆ ಅಂತ ೧೯೮೧ರಲ್ಲಿ ಲಾಸ್ ಏಂಜಲೀಸಿಗೆ ಬಂದರು. ಅಲ್ಲೊಂದು ಕ್ಲಬ್ಬಿನಲ್ಲಿ ನುಡಿಸಿದರು. ಆಮೇಲೆ ಸ್ಯಾನ್ ಡಿಯೇಗೊದಲ್ಲಿ ಒಂಬತ್ತು ಜನರ ಮುಂದೆ ನುಡಿಸಿದರು, ಅದರಲ್ಲಿ ಇಬ್ಬರು ಗ್ಲಾಸು ತೊಳೆಯುವವರು. ವಾಪಸು ಹೋಗುವಾಗ ಪೊಮೊನಾ ಎಂಬ ಊರಿನಲ್ಲಿ ವ್ಯಾನು ಕೆಟ್ಟಿತು. ಯಾರ ದೆಸೆಯಿಂದ ಕೆಟ್ಟಿತು ಎಂಬ ಜಗಳದಲ್ಲಿ ತಂಡ ರಸ್ತೆ ಬದಿಯಲ್ಲೇ ಒಡೆಯಿತು. ಉಳಿದವರು ಊರಿಗೆ ಹೋದರು. ಡ್ರಮ್ಮು ಬಾರಿಸುವ ಕೆನ್ ಡಾಬ್ಸ್ ಮಾತ್ರ ವ್ಯಾನು ರಿಪೇರಿ ಆಗಲಿ ಅಂತ ಕಾಯುತ್ತ ಪೊಮೊನಾದಲ್ಲೇ ಮದುವೆಯಾಗಿ ಉಳಿದುಬಿಟ್ಟ.

ಸಂಗೀತ ಹೇಗಿತ್ತು ಅಂತ ಕೇಳುತ್ತೀರಿ. ಹೊಸದುರ್ಗದಲ್ಲಿ ಮೂವತ್ತು ವರ್ಷ ರೇಡಿಯೊ ಬಿಚ್ಚಿ ಜೋಡಿಸಿದ ಕಿವಿ ನನ್ನದು. ಜಲ್ಲಿ ಮಿಷನ್ನಿಗೆ ಕಲ್ಲು ಸುರಿದ ಹಾಗಿತ್ತು. ಆದರೆ ಮಿಷನ್ನು ಒಳ್ಳೇ ಮಿಷನ್ನು, ಬೇರಿಂಗು ಎಲ್ಲೂ ಕಿರ್ ಅನ್ನುತ್ತಿರಲಿಲ್ಲ.

೨೦೨೦ರ ಬೇಸಿಗೆಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ ಓಂಕಾರಪ್ಪ, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಒಂದು ವಿಶ್ವಕೋಶಕ್ಕೆ ಟಿನ್ ಬಿಷಪ್ ಬಗ್ಗೆ ಒಂದು ಪುಟ ಬರೆದ. ಅವನು ಟೆಲಿಕಾಂ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಫೋನಿನ ಚಿಪ್ಪು ಪರೀಕ್ಷಿಸಿದ ಮನುಷ್ಯ. ಎರಡು ಸಲ ಅಳೆಯದೆ ಒಂದು ಮಾತು ಆಡುವವನಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ "ಕಡಿಮೆ ಅನ್ನಿಸುತ್ತಿದೆ, ಇನ್ನೊಬ್ಬರು ನೋಡಿ ಹೇಳಲಿ" ಅನ್ನುತ್ತಾನೆ. ಆ ಪುಟಕ್ಕೂ ಹಾಗೇ ಅರವತ್ತೊಂದು ಅಡಿಟಿಪ್ಪಣಿ ಹಾಕಿದ. ನಿಜ ಹೇಳಬೇಕೆಂದರೆ ಪುಟಕ್ಕಿಂತ ಟಿಪ್ಪಣಿಯೇ ಉದ್ದ.

ಎರಡು ವರ್ಷ ಯಾರೂ ಅದರ ತಂಟೆಗೆ ಬರಲಿಲ್ಲ. ೨೦೨೨ರ ಜನವರಿಯಲ್ಲಿ ಅದರ ನೆತ್ತಿಯ ಮೇಲೆ ವಿಶ್ವಕೋಶದವರ ಒಂದು ಕಿತ್ತಳೆ ಬಣ್ಣದ ಎಚ್ಚರಿಕೆ ಪಟ್ಟಿ ಬಿತ್ತು. ಈ ತಂಡ ಗಮನಾರ್ಹವಲ್ಲ. ಅರವತ್ತೊಂದರಲ್ಲಿ ಐವತ್ತೆಂಟು ಟಿಪ್ಪಣಿಗಳು ಬರೆದವರೇ ಅವರಿವರಿಗೆ ಫೋನು ಮಾಡಿ ಕೇಳಿ ಹಾಕಿದಂಥವು. ಬೇರೆಯವರು ಪರಿಶೀಲಿಸಿ ಅಚ್ಚು ಹಾಕಿಸಿದ ಆಧಾರ ಏಪ್ರಿಲ್ ಕೊನೆಯೊಳಗೆ ತೋರಿಸದಿದ್ದರೆ ಪುಟವನ್ನು ಅಳಿಸಲಾಗುವುದು.

ಅವತ್ತು ವಾಕಿಂಗಿಗೆ ಬಂದವನ ಮುಖ ಬಾಡಿದ ಬದನೆಕಾಯಿಯಂತಿತ್ತು.

"ಅಣ್ಣಾರೆ, ಗಮನಾರ್ಹವಲ್ಲವಂತೆ. ನಲವತ್ತು ವರ್ಷ ನಾನು ಗಮನಿಸಿದ್ದೀನಲ್ಲ, ಅದೇನು ಹಾಗಾದ್ರೆ?"

"ನೀನೊಬ್ಬ ಗಮನಿಸಿದರೆ ಆಗುತ್ತೇನಪ್ಪ? ಇನ್ನೊಬ್ಬರು ನೋಡಿ ಹೇಳಲಿ ಅನ್ನೋದು ನಿನ್ನದೇ ಕಾನೂನು," ಅಂದೆ.

ಹೇಳಬಾರದಿತ್ತು. ಹತ್ತು ಹೆಜ್ಜೆ ನನ್ನನ್ನು ಬಿಟ್ಟು ಮುಂದೆ ನಡೆದ. ಆಮೇಲೆ ಮೆಲ್ಲಗೆ, "ಆ ಪುಟ ಹೋದರೆ ಅವರು ಇದ್ದರು ಅನ್ನೋದಕ್ಕೆ ಭೂಮಿ ಮೇಲೆ ಗುರುತೇ ಇರಲ್ಲ," ಅಂದ.

ಮರುವಾರ ನನ್ನನ್ನೂ ಕೂರಿಸಿಕೊಂಡು ಪೊಮೊನಾಗೆ ಡ್ರೈವ್ ಮಾಡಿದ. ಉಳಿದ ಸದಸ್ಯರಲ್ಲಿ ಕೆಲವರು ತೀರಿಕೊಂಡಿದ್ದರು, ಕೆಲವರ ಪತ್ತೆಯಿರಲಿಲ್ಲ, ರೆಜ್ ಹೋಗಿ ಹದಿಮೂರು ವರ್ಷವಾಗಿತ್ತು. ಕೈಗೆ ಸಿಕ್ಕುವವನು ಕೆನ್ ಡಾಬ್ಸ್ ಒಬ್ಬನೇ. ಎಪ್ಪತ್ತೈದು ದಾಟಿದ ಗಟ್ಟಿ ಆಳು, ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡಿಕೊಂಡು ಇಷ್ಟು ವರ್ಷ ಬದುಕಿದ್ದ. ನಾವು ಹೋದಾಗ ಒಂದು ಎಂಜಿನ್ನಿನ ಕಾರ್ಬೊರೇಟರ್ ಬಿಚ್ಚಿಕೊಂಡು ಕೂತಿದ್ದ. ನನಗೂ ಅವನಿಗೂ ಮಾತಿಗಿಂತ ಮೊದಲು ಸ್ಕ್ರೂಡ್ರೈವರಿನಲ್ಲಿ ಪರಿಚಯವಾಯಿತು.

ಓಂಕಾರಪ್ಪ ಪಟ್ಟಿ ತೆಗೆದು ಕೇಳತೊಡಗಿದ. ೧೯೭೬ರ ಅಕ್ಟೋಬರಿನಲ್ಲಿ ಎರಡನೇ ಗಾಯಕ ಬಿಟ್ಟುಹೋದದ್ದು ಒಂಬತ್ತನೇ ತಾರೀಖೋ ಹನ್ನೊಂದೋ?

"ನಮಗೆ ಎರಡನೇ ಗಾಯಕ ಅಂತ ಒಬ್ಬ ಇದ್ದನಾ?" ಅಂದ ಕೆನ್.

"ಇದ್ದರು ಸಾರ್. ಹನ್ನೊಂದು ತಿಂಗಳು. ನಿಮ್ಮ ಜೊತೆ ಒಂದೇ ಕೋಣೆಯಲ್ಲಿದ್ದರು."

"ಓಹೋ, ಗೊರಕೆಯವನು!" ಕೆನ್ ತೊಡೆ ತಟ್ಟಿಕೊಂಡು ನಕ್ಕ. "ನೋಡಪ್ಪ, ನಾವು ಅಷ್ಟೇನೂ ಚೆನ್ನಾಗಿರಲಿಲ್ಲ. ಸದ್ದು ಜೋರಾಗಿತ್ತು ಅಷ್ಟೇ."

ಭಕ್ತನ ಮುಂದೆ ದೇವರೇ ಎದ್ದು ಬಂದು, ನಾನು ಬರೀ ಕಲ್ಲು ಕಣಯ್ಯಾ ಅಂದಂತಾಯಿತು. ಆದರೂ ಓಂಕಾರಪ್ಪ ಅಲುಗಲಿಲ್ಲ. ಎಲ್ಲವನ್ನೂ ಓದಿ ಹೇಳಿ, ಹೌದೆನ್ನಿಸಿ, ಸಹಿ ಹಾಕಿಸಿಕೊಂಡ. ಮಾತಿನ ನಡುವೆ ಕೆನ್ ಒಂದು ಸಂಗತಿ ಹೇಳಿದ: ರೆಜ್‌ನ ಸೋದರಮಾವನೊಬ್ಬ ಹಿಂದೆ ಯಾವಾಗಲೋ ಇಂಡಿಯಾದಲ್ಲಿ ಗಣಿ ಕೆಲಸಕ್ಕೆ ಹೋಗಿದ್ದನಂತೆ. ಓಂಕಾರಪ್ಪ ಅದನ್ನೂ ಬರೆದುಕೊಂಡು ಪಕ್ಕದಲ್ಲಿ 'ಪುರಾವೆಯಿಲ್ಲ' ಅಂತ ಗುರುತು ಹಾಕಿದ.

ವಿಶ್ವಕೋಶದವರು ಆ ಸಹಿಯನ್ನು ಒಪ್ಪಲಿಲ್ಲ. ತಂಡದವನೇ ತಂಡದ ಬಗ್ಗೆ ಹೇಳಿದರೆ ಅದು ಸ್ವತಂತ್ರ ಆಧಾರವಲ್ಲ. ಬರೆದವರು ಯಾರಾದರೂ ಆಗಲಿ, ಸಂಪಾದಕರೊಬ್ಬರು ಪರಿಶೀಲಿಸಿ ಅಚ್ಚು ಹಾಕಿಸಿದ್ದಿರಬೇಕು.

ಅಚ್ಚು ಎಂದೊಡನೆ ನಮ್ಮ ಜನಕ್ಕೆ ಹೊಳೆಯುವುದು ಒಂದೇ, ಸ್ಮರಣ ಸಂಚಿಕೆ. ನಮ್ಮ 'ಕಡಲತೀರ ಕನ್ನಡ ಕೂಟ' ಪ್ರತಿ ಯುಗಾದಿಗೆ ಒಂದು ತರುತ್ತದೆ. ನುಣುಪು ಕಾಗದ, ಅಧ್ಯಕ್ಷರ ಸಂದೇಶ, ಮಾಜಿ ಅಧ್ಯಕ್ಷರ ಸಂದೇಶ, ಮನೆ ಮಾರುವವರ ಜಾಹೀರಾತು, ನಡುವೆ ಜಾಗ ಉಳಿದರೆ ಸಾಹಿತ್ಯ. ಯಾರೂ ಓದುವುದಿಲ್ಲ, ಆದರೆ ತಮ್ಮ ಫೋಟೊ ಇರುವ ಪುಟವನ್ನು ಯಾರೂ ಎಸೆಯುವುದೂ ಇಲ್ಲ. ಆ ವರ್ಷ ಸಂಪಾದಕಿ ಅರುಂಧತಿ. ಲಾ ಹೋಯಾದಲ್ಲಿ ಸಮುದ್ರದ ಸಂಶೋಧನೆ ಮಾಡುವ ಹೆಣ್ಣುಮಗಳು, ಮೀನಿನ ಕಿವಿಯೊಳಗಿನ ಮೂಳೆಯ ಮೇಲೆ ಒಂದು ವಾಕ್ಯ ಬರೆಯಬೇಕಾದರೂ ಮೂರು ಆಧಾರ ಹುಡುಕುವವಳು. ಇವಳಿಗಿಂತ ಒಳ್ಳೆಯ ಪರಿಶೀಲಕಿ ಎಲ್ಲಿ ಸಿಕ್ಕಾಳು ಅಂತ ಓಂಕಾರಪ್ಪ ಹಿಗ್ಗಿದ. ಎಂಟು ಪುಟ ಬರೆದು ಕಳಿಸಿದ.

ಅವಳು ಫೋನು ಮಾಡಿದಾಗ ನಾನು ಓಂಕಾರಪ್ಪನ ಮನೆಯಲ್ಲೇ ಕೂತು ದ್ರಾಕ್ಷಾಯಣಿ ಕೊಟ್ಟ ಮಂಡಕ್ಕಿ ತಿನ್ನುತ್ತಿದ್ದೆ.

"ಅಂಕಲ್, ಲೇಖನ ತುಂಬಾ ಚೆನ್ನಾಗಿದೆ. ಆದರೆ ಇದರಲ್ಲಿ ಕನ್ನಡ ಎಲ್ಲಿದೆ?"

"ಬರೆದಿರೋದೇ ಕನ್ನಡದಲ್ಲಿ ಅಲ್ವೇನಮ್ಮ?"

"ಭಾಷೆ ಸರಿ ಅಂಕಲ್. ವಿಷಯಕ್ಕೆ ಏನಾದ್ರೂ ನಂಟು ಬೇಕು, ಕಮಿಟಿ ಕೇಳುತ್ತೆ. ಹೋದ ವರ್ಷ ಒಬ್ಬರು ಪೆಂಗ್ವಿನ್ ಬಗ್ಗೆ ಬರೆದಿದ್ದರು, ಅದಕ್ಕೂ ಕೊನೇಲಿ ನಮ್ಮೂರ ಕೊಕ್ಕರೆ ತಂದು ನಿಲ್ಲಿಸಿದ್ವಿ. ಇವರಲ್ಲಿ ಯಾರಿಗಾದ್ರೂ ಕರ್ನಾಟಕದ ಕಡೆ ಏನಾದ್ರೂ?"

"ಇಲ್ಲಮ್ಮ. ರೆಜ್ ಅವರ ಸೋದರಮಾವ ಇಂಡಿಯಾದಲ್ಲಿ ಎಲ್ಲೋ ಗಣೀಲಿ ಇದ್ದರಂತೆ. ಅದಕ್ಕೆ ಪುರಾವೆ ಇಲ್ಲ, ಹಾಕೋ ಹಾಗಿಲ್ಲ."

"ಗಣಿ ಅಂದ್ರೆ ಕೋಲಾರ ತಾನೇ ಅಂಕಲ್? ಬ್ರಿಟಿಷರೆಲ್ಲ ಅಲ್ಲೇ ಇದ್ದರಲ್ಲ!"

"ಪುರಾವೆ ಇಲ್ಲ ಅಂದೆ."

"ಸರಿ ಅಂಕಲ್, ನಾನು ನೋಡ್ಕೋತೀನಿ," ಅಂದಳು ಅರುಂಧತಿ.

ನಮ್ಮವರು 'ನಾನು ನೋಡ್ಕೋತೀನಿ' ಅಂದಾಗ ಎದ್ದು ಹೋಗಿ ನಾವೂ ನೋಡಬೇಕು. ಓಂಕಾರಪ್ಪ ನೋಡಲಿಲ್ಲ.

ಯುಗಾದಿ ದಿನ ಶಾಲೆಯೊಂದರ ಸಭಾಂಗಣದಲ್ಲಿ ಸಂಚಿಕೆ ಹಂಚಿದರು. ಓಂಕಾರಪ್ಪ ಮೊದಲು ಅದರ ಬೆನ್ನು ಸವರಿದ, ಹಿಂಬದಿಯಲ್ಲಿ ಪುಸ್ತಕದ ನೋಂದಣಿ ಸಂಖ್ಯೆ ಇದೆಯೇ ನೋಡಿದ, ಇತ್ತು. ಮುಖ ಅರಳಿತು. ಆಮೇಲೆ ಮೂವತ್ತನಾಲ್ಕನೇ ಪುಟ ತೆರೆದ. ಒಬ್ಬಟ್ಟು ತಿನ್ನುತ್ತಿದ್ದವನ ದವಡೆ ನಿಂತುಹೋಯಿತು.

ಎಂಟು ಪುಟ ಎರಡಾಗಿತ್ತು. ತಲೆಬರಹ 'ಕೋಲಾರದ ಮಣ್ಣಿನಿಂದ ಲಾಸ್ ಏಂಜಲೀಸಿನ ವೇದಿಕೆಗೆ'. ಮೊದಲ ಸಾಲು, 'ಚಿನ್ನದ ನಾಡು ಕೋಲಾರದಲ್ಲಿ ಜನಿಸಿದ ಗಿಟಾರ್ ಮಾಂತ್ರಿಕ ರೆಜ್ ಪ್ಯಾಕ್ಸ್‌ಟನ್...' ಸೋದರಮಾವ ಅಪ್ಪನಾಗಿದ್ದ, ಇಂಡಿಯಾ ಕೋಲಾರವಾಗಿತ್ತು, ಡಾರ್ಲಿಂಗ್ಟನ್ ಎಲ್ಲೂ ಇರಲಿಲ್ಲ. ಕೆಳಗೆ ಓಂಕಾರಪ್ಪನ ಹೆಸರು, ಫೋಟೊ, 'ಖ್ಯಾತ ಸಂಗೀತ ಇತಿಹಾಸಕಾರರು' ಎಂಬ ಬಿರುದು.

"ಏನಮ್ಮ ಇದು?" ಅಂತ ಕೇಳಿದ. ಬೈಯಲು ಬರುವ ಮನುಷ್ಯನಲ್ಲ, ದನಿ ಮಾತ್ರ ಒಡೆದ ಕೊಳವೆಯಂತಾಗಿತ್ತು.

"ಜಾಗ ಇರಲಿಲ್ಲ ಅಂಕಲ್, ಸ್ವಲ್ಪ ಟೈಟ್ ಮಾಡಿದೆ. ಎಲ್ಲರೂ ನಿಮ್ಮ ಲೇಖನಾನೇ ಓದ್ತಿದ್ದಾರೆ ನೋಡಿ!"

ನಿಜಕ್ಕೂ ಓದುತ್ತಿದ್ದರು. ಕೂಟದ ಅಧ್ಯಕ್ಷ ಕೇಶವಮೂರ್ತಿ ಬಂದು ಓಂಕಾರಪ್ಪನ ಕೈ ಹಿಡಿದು ಕುಲುಕಿ, "ನಮ್ಮ ಕೋಲಾರದ ಹುಡುಗ ಅಂತ ಗೊತ್ತೇ ಇರಲಿಲ್ಲ ನೋಡಿ ಸಾರ್! ನಮ್ಮ ಅತ್ತೆ ಮನೇನೂ ಅಲ್ಲೇ," ಅಂದರು. ಡಾರ್ಲಿಂಗ್ಟನ್ನಿನಲ್ಲಿ ಅವರ ಅತ್ತೆ ಮನೆ ಇರಲಿಲ್ಲ, ಅದೇ ತೊಂದರೆ.

ಈಗ ಓಂಕಾರಪ್ಪನ ಕೈಯಲ್ಲಿ ಒಂದೇ ಅಚ್ಚಿನ ಆಧಾರ, ಅದರ ಮೊದಲ ಸಾಲೇ ಸುಳ್ಳು. ತೋರಿಸಿದರೆ ಪುಟ ಉಳಿಯುತ್ತದೆ, ತೋರಿಸದಿದ್ದರೆ ಅಳಿಸುತ್ತಾರೆ. ಮೂರು ವಾರ ಮನುಷ್ಯ ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡೇ ವಾಕಿಂಗಿಗೆ ಬಂದ. ಕಾಲೇಜಿನಲ್ಲಿರುವ ಮಗಳು ಆಶ್ರಿತಾ ಊಟಕ್ಕೆ ಬಂದವಳು ಅಪ್ಪನ ಮುಖ ನೋಡಿ, "ಡ್ಯಾಡ್, ಇಟ್ಸ್ ಒನ್ ಲೈನ್!" ಅಂದಳಂತೆ. "ಚಕ್ರ ಕಳಚಿಕೊಳ್ಳೋಕೂ ಒಂದೇ ಬೋಲ್ಟು ಸಾಕಮ್ಮ," ಅಂದನಂತೆ ಇವನು.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಆ ಎರಡು ಪುಟದ ಫೋಟೊ ತೆಗೆದು ಕಳಿಸಿದ. ಜೊತೆಗೇ ಒಂದು ಕಾಗದ: ಮೊದಲ ಸಾಲು ತಪ್ಪು, ಅದನ್ನು ಬಿಟ್ಟು ಉಳಿದದ್ದನ್ನು ಪರಿಗಣಿಸಬೇಕು. ಸುಳ್ಳು ಸಾಕ್ಷಿಯನ್ನು ಕರೆತಂದು, ಇವನು ಸುಳ್ಳ ಅಂತ ತಾನೇ ಹೇಳುವ ವಕೀಲನನ್ನು ನಾನು ಕಂಡದ್ದು ಅದೇ ಮೊದಲು.

ತೀರ್ಪು ಕೊಡುವವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿದರು. ನೋಂದಣಿ ಸಂಖ್ಯೆ ಇದೆ, ಸಂಪಾದಕಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ, ಹಾಗಾಗಿ ಆಧಾರ ವಿಶ್ವಾಸಾರ್ಹ ಎಂದರು. ಪುಟ ಉಳಿಯಿತು. ಓಂಕಾರಪ್ಪನ ಕಾಗದಕ್ಕೆ ಬಂದ ಉತ್ತರ ಹೀಗಿತ್ತು: ಅಚ್ಚಾದ ಮೂಲವನ್ನು ಅಚ್ಚಾಗದ ಕಾಗದದಿಂದ ಅಲ್ಲಗಳೆಯಲಾಗದು. ಅಷ್ಟೇ ಅಲ್ಲ, ಇವನ ಪುಟದ ಮೊದಲ ವಾಕ್ಯವನ್ನೇ ತಿದ್ದಿ ರೆಜ್ ಪ್ಯಾಕ್ಸ್‌ಟನ್ ಭಾರತದ ಕೋಲಾರದಲ್ಲಿ ಹುಟ್ಟಿದರು ಅಂತ ಬರೆದರು. ಇವನು ಅಳಿಸಿದ, ಅವರು ಮತ್ತೆ ಹಾಕಿದರು. ಮೂರನೇ ಸಲ ಅಳಿಸಿದ್ದಕ್ಕೆ, ವಿಷಯದ ಪರಿಚಯವಿಲ್ಲದವರು ಪುಟ ಕೆಡಿಸಬಾರದು ಅಂತ ಎಚ್ಚರಿಕೆ ಕೊಟ್ಟರು.

ಅರುಂಧತಿಗೆ ಫೋನು ಮಾಡಿದ. ಪಾಪ, ಅವಳು ನಿಜವಾಗಿ ನೊಂದುಕೊಂಡಳು. "ಮುಂದಿನ ಯುಗಾದಿಗೆ ಒಂದು ತಿದ್ದುಪಡಿ ಹಾಕ್ಸೋಣ ಅಂಕಲ್," ಅಂದಳು. ಮುಂದಿನ ಯುಗಾದಿಗೆ ಸಂಪಾದಕರು ಬದಲಾದರು. ಹೊಸಬರು ತಿದ್ದುಪಡಿಯಲ್ಲಿ ಕನ್ನಡ ಎಲ್ಲಿದೆ ಅಂತ ಕೇಳಿದರು.

ಈ ನಡುವೆ ಕೋಲಾರ ತನ್ನ ಪಾಡಿಗೆ ತಾನು ಫಲ ಕೊಡತೊಡಗಿತ್ತು. ಹಳೇ ರೆಕಾರ್ಡುಗಳ ಬಗ್ಗೆ ಬರೆಯುವವರೊಬ್ಬರು ರೆಜ್‌ನ ಗಿಟಾರಿನಲ್ಲಿ ದಕ್ಷಿಣ ಭಾರತದ ರಾಗಗಳ ನೆರಳಿದೆ ಅಂತ ಕಂಡುಹಿಡಿದರು. ಇನ್ನೊಬ್ಬರಿಗೆ ಡ್ರಮ್ಮಿನಲ್ಲಿ ಗಣಿಯ ಸುತ್ತಿಗೆ ಕೇಳಿಸಿತು. ೨೦೨೩ರಲ್ಲಿ ಲಂಡನ್ನಿನ ಒಂದು ಸಣ್ಣ ರೆಕಾರ್ಡ್ ಕಂಪನಿ ಮೂರೂ ರೆಕಾರ್ಡುಗಳನ್ನು ಸೇರಿಸಿ ಮತ್ತೆ ತರುತ್ತೇವೆ, ಒಳಗೆ ಇಡುವ ಪುಸ್ತಿಕೆಯನ್ನು ಆ ಕನ್ನಡ ಲೇಖನದ ಖ್ಯಾತ ಇತಿಹಾಸಕಾರರೇ ಬರೆಯಬೇಕು ಅಂತ ಓಂಕಾರಪ್ಪನಿಗೆ ಬರೆಯಿತು. ಹೊದಿಕೆಗೆ ಕೋಲಾರದ ಹಳೇ ಗಣಿಯ ಚಿತ್ರ ಹಾಕುವ ಆಲೋಚನೆ.

ನಲವತ್ತು ವರ್ಷದ ತಪಸ್ಸಿಗೆ ವರ ಬಂದಿತ್ತು, ಆದರೆ ತಪ್ಪು ವಿಳಾಸಕ್ಕೆ. ನಿಜ ಬರೆದರೆ ಕಂಪನಿಯವರು ಕೈಬಿಡಬಹುದು. ಬಿಟ್ಟರೆ ನಷ್ಟ ಇವನೊಬ್ಬನದಲ್ಲ, ತನ್ನ ರೆಕಾರ್ಡನ್ನು ಮತ್ತೊಮ್ಮೆ ಅಂಗಡಿಯಲ್ಲಿ ನೋಡುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ ಕೆನ್ ಡಾಬ್ಸನದೂ ಹೌದು. ಹಾಗಾಗಿ ಮತ್ತೆ ಪೊಮೊನಾಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಈ ಸಲ ದ್ರಾಕ್ಷಾಯಣಿ ಇದ್ದಳು, ಕಾಯಿಹೋಳಿಗೆಯ ಡಬ್ಬಿಯೂ ಇತ್ತು. ಕೆಟ್ಟ ಸುದ್ದಿ ಬರಿಗೈಯಲ್ಲಿ ಹೇಳಬಾರದು ಅಂತ ಅವಳ ವಾದ.

ಓಂಕಾರಪ್ಪ ಕೂತವನೇ ಹೇಳಿಬಿಟ್ಟ. "ಸಾರ್, ರೆಜ್ ಕೋಲಾರದಲ್ಲಿ ಹುಟ್ಟಲಿಲ್ಲ."

"ಗೊತ್ತು," ಅಂದ ಕೆನ್, ಹೋಳಿಗೆ ಮುರಿಯುತ್ತ. "ನಮ್ಮ ಮನೆಯಿಂದ ಮೂರನೇ ಬಾಗಿಲಿನಲ್ಲಿ ಹುಟ್ಟಿದ. ಅವರಮ್ಮ ಕೂಗಿದ್ದು ನಮ್ಮಮ್ಮನಿಗೆ ಕೇಳಿಸಿತ್ತಂತೆ."

"ಮತ್ತೆ ನೀವು ಯಾರಿಗೂ ಹೇಳಲೇ ಇಲ್ಲವಲ್ಲ?"

"ಹೇಳಿದೆನಲ್ಲ. ನಾನು ಸ್ವತಂತ್ರ ಆಧಾರ ಅಲ್ಲವಂತೆ." ಕೈ ಒರೆಸಿಕೊಂಡ. "ಡಾರ್ಲಿಂಗ್ಟನ್ನಿನಲ್ಲಿ ಹುಟ್ಟಿದ ರೆಜ್ ನುಡಿಸಿದ್ದನ್ನು ಇಷ್ಟು ವರ್ಷ ಒಂದು ನಾಯಿ ಕೂಡ ಕೇಳಲಿಲ್ಲ, ಓಂಕಾರ್. ಈಗ ಕೇಳುತ್ತಿದ್ದಾರೆ."

"ನಾನು ಕೇಳಿದೆ ಸಾರ್," ಅಂದ ಓಂಕಾರಪ್ಪ. "ನನಗೆ ಅವರ ಹೆಸರೂ ಗೊತ್ತಿರಲಿಲ್ಲ."

ಕೆನ್ ಅವನ ಮುಖವನ್ನೇ ನೋಡಿದ. ದ್ರಾಕ್ಷಾಯಣಿ ನನ್ನನ್ನು ನೋಡಿದಳು, ನಾನು ಕಾರ್ಬೊರೇಟರ್ ನೋಡಿದೆ. "ಹಾಗಾದರೆ ನಿನ್ನಿಷ್ಟದಂತೆ ಬರೆ," ಅಂದ ಕೆನ್ ಕೊನೆಗೆ. "ಗೊರಕೆಯವನನ್ನೂ ಸೇರಿಸು."

ಬರೆದ. ಪುಸ್ತಿಕೆಯ ಮೊದಲ ಸಾಲಿನಲ್ಲೇ ಡಾರ್ಲಿಂಗ್ಟನ್, ಬೀದಿಯ ಹೆಸರು, ಮನೆಯ ನಂಬರಿನ ಸಮೇತ. ಕಂಪನಿಯವರು ಒಂದು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಸಾವಿರ ಪ್ರತಿ ತರುವವರು ಮುನ್ನೂರು ತಂದರು, ಗಣಿಯ ಚಿತ್ರ ತೆಗೆದು ಹಳೇ ತಗಡಿನ ಪಾದ್ರಿಯನ್ನೇ ಹಾಕಿದರು. ೨೦೨೪ರ ಬೇಸಿಗೆಯಲ್ಲಿ ಪ್ರತಿ ಕೈಗೆ ಬಂತು. ಅಂಗಡಿಯವರು ಈ ಸಲವೂ ಅದನ್ನು ಭಜನೆಯ ಸಾಲಿನಲ್ಲಿ ಇಟ್ಟರೋ ಏನೋ, ನಾನು ಹೋಗಿ ನೋಡಲಿಲ್ಲ. ಕೆನ್ ಮಾತ್ರ ತನ್ನ ಪ್ರತಿಯನ್ನು ರಿಪೇರಿ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದಾನೆ.

ಓಂಕಾರಪ್ಪ ಪುಸ್ತಿಕೆಯನ್ನು ವಿಶ್ವಕೋಶಕ್ಕೆ ಕಳಿಸಿದ. ಈಗಂತೂ ಅಚ್ಚಿಗೆ ಅಚ್ಚೇ ಎದುರು. ಅವರು ಎರಡನ್ನೂ ತೂಗಿ ನೋಡಿ ಪುಟವನ್ನು ತಿದ್ದಿದರು. ನಾನು ಓಂಕಾರಪ್ಪನ ಮನೆಯಲ್ಲಿ ಕೂತಿದ್ದಾಗಲೇ ಆ ತಿದ್ದುಪಡಿ ಬಂತು. ದ್ರಾಕ್ಷಾಯಣಿ ಗಂಡನ ಹೆಗಲ ಮೇಲಿಂದ ಬಗ್ಗಿ ಆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದಳು: "ಪ್ಯಾಕ್ಸ್‌ಟನ್ ಹುಟ್ಟಿದ ಊರಿನ ಬಗ್ಗೆ ಇಬ್ಬರು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಡಾರ್ಲಿಂಗ್ಟನ್ ಎಂದು ಒಬ್ಬರು, ಕೋಲಾರ ಎಂದು ಇನ್ನೊಬ್ಬರು."

"ಯಾರ್ರೀ ಇವರಿಬ್ಬರು?" ಅಂತ ಕೇಳಿದಳು.

ಓಂಕಾರಪ್ಪ ಕನ್ನಡಕ ತೆಗೆದು ಒರೆಸಿದ. ಕಂಪನಿಯ ಪುಸ್ತಿಕೆಯ ಮೇಲೆ ಅವನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಪದ ಮಾಡಿ ಹಾಕಿದ್ದರು. ಸಂಚಿಕೆಯಲ್ಲಿದ್ದ ಅದೇ ಹೆಸರನ್ನು ಅನುವಾದದ ಯಂತ್ರ ತನಗೆ ತೋಚಿದಂತೆ ಅಕ್ಷರಕ್ಕಿಳಿಸಿತ್ತು.

"ಒಬ್ಬ ನಾನು," ಅಂದ.

"ಇನ್ನೊಬ್ಬರು?"

"ಅವನ ಮೇಲೆ ಒಂದು ಕಾಗದ ಬರೀತಾ ಇದ್ದೀನಿ. ಸ್ವಲ್ಪ ಸುಮ್ಮನಿರು," ಅಂತ ಹೇಳಿ ಕನ್ನಡಕ ಹಾಕಿಕೊಂಡು, ಖ್ಯಾತ ಸಂಗೀತ ಇತಿಹಾಸಕಾರ ಓಂಕಾರಪ್ಪನವರ ಮಾತು ಏಕೆ ನಂಬಲರ್ಹವಲ್ಲ ಎಂಬುದಕ್ಕೆ ಮೊದಲನೆಯ ಕಾರಣವನ್ನು ಟೈಪು ಮಾಡತೊಡಗಿದ.